ಇಬ್ಬರೂ ಕೂಡಿಸಿದ ಮೂರು ಗಂಟೆ

ಒಂಬತ್ತು ಗಂಟೆ ಹಾರಿ ನನ್ನನ್ನು ನೋಡಲು ಬಂದವನನ್ನು ನಾನು ಏರ್‌ಪೋರ್ಟಿನಲ್ಲಿ ಮೂರು ಗಂಟೆ ಕಾಯಿಸಿದೆ. ಅದೂ ಎಂಥವಳು? ವಿಮಾನದ ಟಿಕೆಟ್ ಮಾರುವವಳು! "ಆ ಊರು ಎಷ್ಟು ದೂರ, ಎಷ್ಟೊತ್ತಿಗೆ ಮುಟ್ತೀವಿ?" ಎಂದು ಕೇಳಿದವರಿಗೆಲ್ಲ ಕಣ್ಣು ಮುಚ್ಚಿಕೊಂಡು ಉತ್ತರ ಹೇಳುವವಳು.

ಅವನು ಆ ದೂರದ ಊರಿನಲ್ಲಿ ನಮ್ಮದೇ ಕಂಪನಿಯ ಬ್ರಾಂಚಿನವನು. ಎರಡು ವರ್ಷದಿಂದ ಫೋನಿನಲ್ಲಿ ದಿನಾ ಮಾತು, ಆಫೀಸಿನ ಐಡಿ ಕಾರ್ಡಿನ ಫೋಟೋ ಬಿಟ್ಟರೆ ಎದುರಾಬದುರು ಒಮ್ಮೆಯೂ ನೋಡಿಲ್ಲ. ಈಗ ಟ್ರೈನಿಂಗಿಗೆ ಹೋಗುವ ದಾರಿಯಲ್ಲಿ ನಮ್ಮೂರಲ್ಲಿ ವಿಮಾನ ಬದಲಿಸುತ್ತಾನೆ, ನಡುವೆ ನಾಲ್ಕೇ ಗಂಟೆ. "ಎಂಟಕ್ಕೆ ಇಳೀತೀನಿ. ಒಂದು ಮಾತು ಕೇಳಬೇಕು, ಫೋನಲ್ಲಿ ಕೇಳೋದಲ್ಲ" ಎಂದಿದ್ದ. ನನಗೆ ವಾರವಿಡೀ ನಿದ್ದೆಯಿಲ್ಲ.

ಅವರ ಗಡಿಯಾರ ನಮ್ಮದಕ್ಕಿಂತ ಮೂರು ಗಂಟೆ ಹಿಂದೆ. ಎಂಟು ಎಂದರೆ ಅವನ ಊರಿನ ಎಂಟು ಅಂದುಕೊಂಡು ನಾನು ಮೂರು ಕೂಡಿಸಿದೆ. ಆ ಮಹಾನುಭಾವ ನನಗೆ ತೊಂದರೆ ಬೇಡವೆಂದು ಮೊದಲೇ ಕೂಡಿಸಿ ಹೇಳಿದ್ದ!

ತಂಗಿಯ ಕಾರಿನಲ್ಲಿ ಹಾಡಿಕೊಂಡು ಹನ್ನೊಂದಕ್ಕೆ ಬಂದವಳು ಬೋರ್ಡ್ ನೋಡಿದೆ. ವಿಮಾನ ಎಂಟಕ್ಕೇ ಇಳಿದಿತ್ತು. ಅವನ ಫೋನು ನಮ್ಮೂರಲ್ಲಿ ನಡೆಯುವುದೂ ಇಲ್ಲ.

"ಅಕ್ಕಾ, ಪೆದ್ದಿ ಥರ ನಿಂತಿದ್ದೀಯಲ್ಲೇ, ಓಡು!" ಎಂದಳು ತಂಗಿ.

ಕಾಫಿ ಅಂಗಡಿಯ ಮೂಲೆಯಲ್ಲಿ ಒಬ್ಬ ಉದ್ದನೆಯವನು. ಮುಂದೆ ಎರಡು ಕಪ್ಪು, ಒಂದು ಖಾಲಿ, ಇನ್ನೊಂದು ಮುಟ್ಟದೆ ಆರಿಹೋಗಿದೆ. ನನ್ನನ್ನು ಕಂಡು ಗಡಬಡಿಸಿ ಎದ್ದು ಕುರ್ಚಿ ಬೀಳಿಸಿದ. ಅಯ್ಯೋ, ಕಿವಿವರೆಗೂ ಕೆಂಪಾಗಿದ್ದಾನೆ! ಫೋನಿನಲ್ಲಿ ಅಷ್ಟು ಜೋರು ಮಾಡುವವನು ಇವನೇನಾ?

"ಬರಲ್ಲ ಅಂದ್ಕೊಂಡೆ" ಎಂದ.

"ಕೂಡಿಸಿದ್ದೀನಿ ಅಂತ ಹೇಳೋದಲ್ವಾ? ನಾನೂ ಕೂಡಿಸ್ಬಿಟ್ಟೆ!"

ಒಂದು ಕ್ಷಣ ಪಿಳಿಪಿಳಿ ನೋಡಿದ. ಆಮೇಲೆ ನಕ್ಕ ನೋಡಿ, ಪಕ್ಕದ ಟೇಬಲ್ಲಿನವರೂ ತಿರುಗಿದರು. ಆ ನಗು ನನಗೆ ಎರಡು ವರ್ಷದಿಂದ ಗೊತ್ತು. ನಗುವಾಗ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಮಾತ್ರ ಗೊತ್ತಿರಲಿಲ್ಲ.

"ಹತ್ತು ನಿಮಿಷದಲ್ಲಿ ಒಳಗೆ ಹೋಗಬೇಕು, ಕೇಳ್ಬಿಡ್ತೀನಿ. ನಿಮ್ಮೂರಿಗೆ ಟ್ರಾನ್ಸ್‌ಫರ್ ಕೇಳಿದ್ದೆ, ಕೊಟ್ಟಿದ್ದಾರೆ. ಬರಲಾ?"

ನಾನು ಹಣೆ ಚಚ್ಚಿಕೊಂಡೆ. "ಅಯ್ಯೋ ದೇವರೇ! ನಾನು ನಿಮ್ಮೂರಿಗೆ ಕೇಳಿದ್ದೀನಲ್ರೀ! ನಿನ್ನೆ ನಂಗೂ ಕೊಟ್ರು!"

ಇಬ್ಬರೂ ಊರು ಬದಲಿಸಿದರೆ ನಡುವೆ ಮತ್ತೆ ಅದೇ ಒಂಬತ್ತು ಗಂಟೆ.

"ನಿಮ್ಮದು ಬೇಡ ಅನ್ನಿ" ಎಂದ.

"ನೀವೇ ಬೇಡ ಅನ್ನಿ. ನಿಮ್ಮಮ್ಮ ಅಲ್ಲಿದ್ದಾರೆ."

"ನಿಮ್ಮ ತಂಗಿ ಇಲ್ಲಿದ್ದಾಳೆ."

ಅವನ ವಿಮಾನದವರನ್ನು ಒಳಗೆ ಕರೆಯುತ್ತಿದ್ದರು. ಬ್ಯಾಗು ಹೆಗಲಿಗೇರಿಸಿದವನು ತಟ್ಟನೆ ನನ್ನ ಕೈ ಹಿಡಿದ.

"ಈ ಜಗಳ ಜೀವನಪೂರ್ತಿ ಆಡೋಣ. ಮದುವೆ ಆಗ್ತೀರಾ, ಅದು ಹೇಳಿ."

"ಹೂಂ. ಹೂಂ ರೀ! ಓಡಿ, ಫ್ಲೈಟ್ ಹೋಗುತ್ತೆ!"

ಓಡಿದ. ಬಾಗಿಲ ಬಳಿ ತಿರುಗಿ, ಅಷ್ಟು ಜನರ ನಡುವೆ ಕೂಗಿದ: "ನಾನೇ ಬರ್ತೀನಿ! ನೀವು ಅಲ್ಲಾಡಬೇಡಿ!"

ನಾನು ಎರಡೂ ಕೈ ಎತ್ತಿ ಬೀಸಿದೆ. ಹಿಂದಿನಿಂದ ತಂಗಿಯೇ ಕೂಗಿದಳು:

"ಕಟ್ಟಿಹಾಕಿರ್ತೀನಿ, ಹೋಗಿಬನ್ನಿ ಭಾವಾ!"