ಬಡ್ಡಿ ಮಾತ್ರ ಬಿಡಬೇಡಿ

ಮೇಳಿಗೆಯ ಅಪೂರ್ವಾ ಆಫೀಸಿಗೆ ಬಂದರೆ ಮೊದಲು ಬರುವುದು ಅವಳ ನಗು, ಅವಳು ಆಮೇಲೆ. ಆ ನಗು ಗೋಡೆ ದಾಟಿ ಉಪ್ಪಿನಕಾಯಿ ಕೋಣೆಗೂ ಬರುತ್ತಿತ್ತು. ಬಂದಾಗಲೆಲ್ಲ ಅಲ್ಲಿ ಸಾಸಿವೆ ಬೆರೆಸುತ್ತಿದ್ದ ಗಾನವಿಯ ಕೈ ನಿಂತುಬಿಡುತ್ತಿತ್ತು.

ಸಾಗರದ ಆ ಅಪ್ಪೆಮಿಡಿ ಉಪ್ಪಿನಕಾಯಿ ಕಂಪನಿ ಬೋರ್ಡಿನಲ್ಲಿ ಪ್ರೈವೇಟ್ ಲಿಮಿಟೆಡ್. ಡೈರೆಕ್ಟರುಗಳು ಇಬ್ಬರೇ, ರಾಜೇಂದ್ರ ಮತ್ತು ಅವನ ಅಕ್ಕ ಮನೋರಮಾ. ಮೀಟಿಂಗು ನಡೆಯುವುದು ಅಕ್ಕನ ಅಡುಗೆಮನೆಯಲ್ಲಿ. ಆದರೆ ಯಾವ ಡ್ರಮ್ಮಿನ ಮಿಡಿ ಹದಕ್ಕೆ ಬಂತು ಎಂದು ಹೇಳುವುದು ಮಾತ್ರ ಗಾನವಿಯ ನಾಲಿಗೆ. ಅವಳು ತಲೆಯಾಡಿಸದೆ ಒಂದು ಬಾಟಲಿಯೂ ಹೊರಗೆ ಹೋಗುವುದಿಲ್ಲ.

ಅವಳು ರುಚಿ ನೋಡುವಾಗ ರಾಜೇಂದ್ರ ಬಾಗಿಲಿಗೆ ಒರಗಿ ನಿಲ್ಲುತ್ತಾನೆ.

"ಎಂತ ನೋಡ್ತಿದೀರಾ ಸರ್?"

"ಮಿಡಿ ಹೆಂಗಾಗಿದೆ ಅಂತ."

ಮಿಡಿ ಇರುವುದು ಡ್ರಮ್ಮಿನಲ್ಲಿ, ಅವನ ಕಣ್ಣಿರುವುದು ಅವಳ ತುಟಿಯಂಚಿನಲ್ಲಿ. ಅದು ಇಬ್ಬರಿಗೂ ಗೊತ್ತು. ಆದರೂ ಎರಡು ವರ್ಷದಿಂದ ಇಬ್ಬರೂ ಮಿಡಿಯ ಮಾತನ್ನೇ ಆಡುತ್ತಿದ್ದರು.

ಅವತ್ತು ಅಪೂರ್ವಾ ಬಂದದ್ದು ಕಂಪನಿಯಿಂದ ಸಾಲ ಕೇಳಲು. ಲಗೇಜ್ ಆಟೋ ಒಂದಿದ್ದರೆ ತೀರ್ಥಹಳ್ಳಿ ಕಡೆಯ ಅಂಗಡಿಗಳಿಗೆಲ್ಲ ಇವರ ಉಪ್ಪಿನಕಾಯಿಯನ್ನು ತಾನೇ ಮುಟ್ಟಿಸಬಹುದು ಎಂಬುದು ಅವಳ ಲೆಕ್ಕ.

"ಎಂತ ಮಾರಾಯ, ನನ್ನ ಹತ್ರಾನೂ ಬಡ್ಡಿ ತಗೋತೀಯಾ? ಒಂದೇ ಕ್ಲಾಸಲ್ಲಿ ಓದಿದೋರು ನಾವು!"

"ಓದಿದ್ದು ನಾನು. ನೀನು ನಿದ್ದೆ ಮಾಡಿದ್ದು ಕಣೆ," ಎಂದ ರಾಜೇಂದ್ರ. ಇಬ್ಬರೂ ನಕ್ಕರು.

ಗೋಡೆಯಾಚೆ ಗಾನವಿಯ ಕಿವಿ ಆ 'ಕಣೆ' ಎಂಬಲ್ಲೇ ಸಿಕ್ಕಿಹಾಕಿಕೊಂಡಿತು. ಅವಳಿಗೆ ಕಣೆ. ತನಗೆ ಎರಡು ವರ್ಷವಾದರೂ 'ಗಾನವಿಯವರೆ'.

ಸಾಲ ಗಾನವಿಯೂ ಕೇಳಿದ್ದಳು, ಹೋದ ವಾರ. ಅವಳ ಅಮ್ಮ ಜಲಜಮ್ಮ ಹೊಸನಗರದಲ್ಲಿ ಕಂಡವರ ಹೋಟೆಲಿನ ಒಲೆ ಮುಂದೆ ಅರ್ಧ ಆಯಸ್ಸು ಕಳೆದವಳು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಖಾಲಿಯಾಗಿತ್ತು. ಎರಡು ಲಕ್ಷ ಅಡ್ವಾನ್ಸ್ ಕೊಟ್ಟರೆ ಅಮ್ಮ ತನ್ನದೇ ಮೆಸ್ ಇಡಬಹುದು. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಟ್ಟೆ ಎಂದಿದ್ದ ಅಂಗಡಿಯ ಯಜಮಾನ.

ಮಧ್ಯಾಹ್ನ ಮೀಟಿಂಗು. ಹೊಸ ಡ್ರಮ್ಮಿನ ಸ್ಯಾಂಪಲ್ ಹಿಡಿದು ಬಂದ ಗಾನವಿಯನ್ನು ಅಕ್ಕ ಬಿಡಲಿಲ್ಲ. "ಕೂತ್ಕಳೆ, ನಿನ್ನ ವಿಷಯಾನೇ. ರಾಜು, ಅಪೂರ್ವಂದು ಎಂತ?"

"ಒಪ್ಪಿಗೆ ಅಕ್ಕ. ನಮಗೂ ವ್ಯಾಪಾರ ಆಗತ್ತೆ."

"ಗಾನವಿದು?"

ರಾಜೇಂದ್ರ ಚಹಾದ ಲೋಟ ತಿರುಗಿಸಿದ. "ಬೇಡ."

"ಯಾಕೋ? ಗಾಡಿಗೆ ಕೊಡ್ತೀಯ, ಅನ್ನ ಹಾಕೋ ಅಂಗಡಿಗೆ ಕೊಡಲ್ವಾ?"

"ಕಂಪನಿಯಿಂದ ಆಗಲ್ಲ ಅಕ್ಕ. ಆಡಿಟರ್ ಹತ್ರ ಕೇಳಿದೀನಿ." ಅವನ ಕಿವಿ ಕೆಂಪಾಗಿತ್ತು.

ಗಾನವಿ ಎದ್ದಳು. "ಬಿಡಿ ಅಕ್ಕ. ನಾನೇನು ಕ್ಲಾಸ್‌ಮೇಟಾ?"

ಪ್ರೀತಿ ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ಕೂರಬಲ್ಲದು, ಹೊಟ್ಟೆಕಿಚ್ಚಿಗೆ ಅಷ್ಟು ತಾಳ್ಮೆಯಿಲ್ಲ. ಕೋಣೆಗೆ ಬಂದವಳು ಸಾಸಿವೆ ಪುಡಿ ಸುರಿದಳು. ಅಪೂರ್ವಾಳ ನಗು, ಅವಳ ಬಳೆ, ಅವಳು ಕಾಲಮೇಲೆ ಕಾಲು ಹಾಕಿ ಕೂರುವ ಠೀವಿ ಒಂದೊಂದಾಗಿ ನೆನಪಾದವು. ಇನ್ನೊಮ್ಮೆ ಸುರಿದಳು.

ಹಿಂದೆಯೇ ಬಂದ ರಾಜೇಂದ್ರ ಮಾತು ಶುರುಮಾಡಲು ನೆಪ ಹುಡುಕಿದ. ಒಂದು ಮಿಡಿ ಎತ್ತಿ ಬಾಯಿಗೆ ಹಾಕಿಕೊಂಡ. ಮರುಕ್ಷಣ ಘಾಟು ನೆತ್ತಿಗೇರಿ, ಕಣ್ಣಿಂದ ನೀರು ದಳದಳ ಸುರಿಯಿತು.

"ಸಾಸಿವೆ... ಎಷ್ಟು ಹಾಕಿದ್ರಿ?"

"ಹಾಕೋವಷ್ಟು."

"ಎರಡು ಸಲ ಬಿದ್ದಿದೆ!"

ಅವಳೂ ರುಚಿ ನೋಡಿದಳು. ಹೌದು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಕೈ ತಪ್ಪಿತ್ತು. ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. "ಅಪೂರ್ವನ ಗಾಡೀಲಿ ಹಾಕಿ ಕಳ್ಸಿ. ಅವರಿಗೆ ನೀವು ಕೊಟ್ಟಿದ್ದೆಲ್ಲ ಸಿಹಿನೇ."

ರಾಜೇಂದ್ರ ಕಣ್ಣೊರೆಸಿಕೊಂಡ. "ಆಡಿಟರ್ ಎಂತ ಹೇಳಿದ್ರು ಗೊತ್ತಾ? ಸ್ನೇಹಿತರಿಗಾದ್ರೆ ಮೀಟಿಂಗಲ್ಲಿ ಒಪ್ಪಿ, ಬಡ್ಡಿ ಹಾಕಿ ಕೊಡಬಹುದಂತೆ. ಡೈರೆಕ್ಟರ್ ಹೆಂಡ್ತಿಗೆ ಮಾತ್ರ ಕೊಡೋ ಹಾಗೇ ಇಲ್ವಂತೆ."

"ಅದಕ್ಕೂ ನನಗೂ ಎಂತ ಸಂಬಂಧ? ನಾನ್ಯಾರ ಹೆಂಡ್ತಿ?"

"ಈಗ ಅಲ್ಲ."

ಗಾನವಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಸಾಲ ತಗೊಂಡೋರೇ ಆಮೇಲೆ ಹೆಂಡ್ತಿಯಾದ್ರೆ ಅಂತಾನೂ ಕೇಳ್ದೆ. ಆಡಿಟರ್ ಕನ್ನಡಕ ತೆಗೆದು ನನ್ನ ಮುಖ ನೋಡಿದ್ರು. 'ಮೊದ್ಲು ಸಾಲ ತೀರ್ಲಿ, ಆಮೇಲೆ ತಾಳಿ ಕಟ್ಟಿ, ನಂಗೆ ತಲೆನೋವು ಬೇಡ' ಅಂದ್ರು. ನಿಮ್ಮ ಸಂಬಳದಲ್ಲಿ ಕಂತು ಕಟ್ಟಿ ತೀರೋಕೆ ನಾಲ್ಕು ವರ್ಷ ಬೇಕು. ನಂಗೆ ಅಷ್ಟು ಕಾಯೋಕಾಗಲ್ಲ."

ಗಾನವಿ ಸೌಟನ್ನು ಡ್ರಮ್ಮಿನಲ್ಲೇ ಬಿಟ್ಟಳು. ಆಮೇಲೆ ತಲೆಯೆತ್ತಿದಳು.

"ಆಡಿಟರಿಗೆ ಹೇಳಿದ್ರಿ. ನನಗೆ ಹೇಳಲಿಲ್ಲ."

"ಅಲ್ಲಿ ಧೈರ್ಯ ಬಂತು."

"ಅಂದ್ರೆ ಇನ್ಮೇಲೆ ಆಡಿಟರ್ ಮೇಲೂ ಹೊಟ್ಟೆಕಿಚ್ಚು ಪಡ್ಬೇಕಾ ನಾನು?"

"ಹಾಗಾದ್ರೆ ಅಪೂರ್ವನ ಮೇಲೆ ಪಟ್ಟಿದ್ದು ನಿಜ!"

ಬಾಯಿ ಜಾರಿತ್ತು. ಗಾನವಿ ತಿರುಗಿ ನಿಂತಳು, ಆದರೆ ಕೆನ್ನೆಯ ರಂಗು ಮುಚ್ಚುವುದಕ್ಕೆ ಸೆರಗೂ ಇರಲಿಲ್ಲ, ಚೂಡಿದಾರದ ವೇಲಿನ ತುದಿಗೆ ಸಾಸಿವೆ ಮೆತ್ತಿತ್ತು.

"ಅಮ್ಮನ ಅಂಗಡಿ?" ಎಂದಳು ಗೋಡೆಗೆ.

"ನಾಳೆನೇ ಸೊಸೈಟಿಗೆ ಹೋಗಣ. ಸಾಲ ನಿಮ್ಮ ಹೆಸರು, ಜಾಮೀನು ನಂದು. ಕಂಪನಿದಲ್ಲ, ನನ್ನ ಸ್ವಂತದ್ದು. ನೀವು ನನ್ನ ಒಪ್ಪದಿದ್ರೂ ಜಾಮೀನು ಹಾಕ್ತೀನಿ. ಅದು ಬೇರೆ, ಇದು ಬೇರೆ." ಅವನ ದನಿ ಇಳಿಯಿತು. "ಇದಕ್ಕೆ ಎಂತ ಹೇಳ್ತೀರಾ, ಗಾನವಿಯವರೆ?"

"ಅವಳಿಗೆ ಕಣೆ, ನನಗೆ ಗಾನವಿಯವರೆ?"

ರಾಜೇಂದ್ರ ತಡವರಿಸಿದ. "ಒಪ್ತೀಯೇನೆ?"

ಎಂಥ ಡ್ರಮ್ಮನ್ನೂ ಒಂದು ಚಿಟಿಕೆಯಲ್ಲಿ ಪಾಸು ಫೇಲು ಮಾಡುವವಳು ಈಗ ನಿಧಾನ ಮಾಡಿದಳು. ಅವನ ಮುಖ ನೋಡಿದಳು. ಸಾಸಿವೆಯ ಘಾಟಿಗೆ ಕೆಂಪಾದ ಕಣ್ಣು, ಕೆಂಪಾದ ಮೂಗು. ಮೆಲ್ಲಗೆ ತಲೆಯಾಡಿಸಿದಳು.

ಅಷ್ಟರಲ್ಲಿ ಆಫೀಸಿನಿಂದ ಆ ನಗು ಕೇಳಿತು. ಸಾಲದ ವಿಷಯ ಏನಾಯಿತೆಂದು ಕೇಳಲು ಅಪೂರ್ವಾ ಬಂದಿದ್ದಳು.

"ಹೋಗಿ, ಒಪ್ಪಿಗೆ ಆಯ್ತು ಅಂತ ಹೇಳಿ," ಎಂದಳು ಗಾನವಿ. "ಬೇಕಾದ್ರೆ ಐವತ್ತು ಸಾವಿರ ಜಾಸ್ತಿನೇ ಕೊಡಿ. ಎಷ್ಟು ಸಲ ಬೇಕಾದ್ರೂ ಸಾಲ ಕೊಡಿ ಅವಳಿಗೆ. ಸಾಲ ಇದ್ದೋರಿಗೆ ತಾಳಿ ಇಲ್ಲ ಅಂದ್ರಲ್ಲ ಆಡಿಟರು."

ಅವನು ನಗುತ್ತಾ ಬಾಗಿಲು ದಾಟಿದ.

"ರೀ," ಎಂದು ಕರೆದಳು ಹಿಂದಿನಿಂದ. ಅವನು ತಿರುಗಿದ.

"ಬಡ್ಡಿ ಮಾತ್ರ ಬಿಡ್ಬೇಡಿ."