ಗಾಳಿ ಮೇಸ್ತ್ರಿಯ ಕಾಲು ಸುತ್ತು

ಟೀಚರ್ ಕೆಲಸ ಬಿಟ್ಟು ಹೋಗುತ್ತಿದ್ದಾಳೆ ಎಂಬ ಸುದ್ದಿ ಮೇಸ್ತ್ರಿಗೆ ಸಿಕ್ಕಿದ್ದು ಆಫೀಸಿನ ಗುಮಾಸ್ತನ ಬಾಯಿಂದ, ಅದೂ ಡ್ರಿಲ್ ಬಿಟ್ ಬೇಕೆಂದು ಚೀಟಿ ಕೊಡಲು ಹೋದಾಗ. ಮೂರು ಗಂಟೆಗೆ ಬಸ್ಸಂತೆ. ಪ್ರಯೋಗ ಮಾಡಿ ತೋರಿಸುವುದು ನನ್ನ ಕೈಲಾಗದ ಕೆಲಸ ಎಂದು ರಾಜೀನಾಮೆಯಲ್ಲಿ ತಾನೇ ಬರೆದಿದ್ದಾಳಂತೆ. ಪ್ರಿನ್ಸಿಪಾಲರ ಸಹಿಯೊಂದು ಬಾಕಿ.

ಅದು ನಿಜವಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಅವಳ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷವೆಲ್ಲ ಇವನದು.

ಶಾಲೆಯ ಭೌತಶಾಸ್ತ್ರದ ಲ್ಯಾಬಿಗೆ ಉಪಕರಣ ಮಾಡಿಕೊಡುವವನು ಇವನು. ಮಕ್ಕಳು ಇಟ್ಟ ಹೆಸರು ಗಾಳಿ ಮೇಸ್ತ್ರಿ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆಗೆ ಸಾಲಾಗಿ ಸಣ್ಣ ತೂತು ಕೊರೆದು, ಹಳೆಯ ವ್ಯಾಕ್ಯೂಮ್ ಕ್ಲೀನರನ್ನು ತಿರುಗಾಮುರುಗಾ ಮಾಡಿ ಒಳಗೆ ಗಾಳಿ ತುಂಬಿ, ಅದರ ಮೇಲೆ ತಗಡಿನ ಪುಟ್ಟ ಗಾಡಿ ತೇಲುವಂತೆ ಮಾಡಿದ್ದ. ಮೊದಲು ತೂತು ದೊಡ್ಡದಾಗಿ, ಗಾಳಿಯೆಲ್ಲ ಮುಂದಿನ ತುದಿಯಲ್ಲೇ ಸೋರಿ, ಹಿಂದಿನ ತುದಿಯಲ್ಲಿ ಗಾಡಿ ಕರಕರ ಎನ್ನುತ್ತಿತ್ತು. ಹನ್ನೊಂದು ಬಿಟ್ ಮುರಿದು ಮತ್ತೆ ಕೊರೆದ. ಮೋಟಾರಿನ ಸದ್ದಿಗೆ ಟೀಚರ್ ಕಿರುಚಿ ಪಾಠ ಮಾಡಿ ಗಂಟಲು ಕೆಡಿಸಿಕೊಂಡಳೆಂದು, ತನ್ನ ಹೊದಿಕೆಯನ್ನೇ ಕತ್ತರಿಸಿ ಒಳಗೆ ಹಾಸಿ ಮೋಟಾರಿಗೊಂದು ಪೆಟ್ಟಿಗೆ ಕಟ್ಟಿದ. ಆ ತಿಂಗಳೆಲ್ಲ ಚಳಿಯಲ್ಲಿ ನಡುಗುತ್ತ ಮಲಗಿದ.

ಇಷ್ಟೆಲ್ಲ ಮಾಡಿದ ಮಹಾಶಯನಿಗೆ ಒಂದು ಮಾತಾಡಲು ಬಾಯಿ ಬರಲಿಲ್ಲ. "ಬಾಯಿದ್ದವನು ಬರಗಾಲದಲ್ಲೂ ಬದುಕಿದ ಕಣೋ. ನೀನು ಸುಗ್ಗೀಲೇ ಸಾಯ್ತೀಯ" ಎಂದು ಅಕ್ಕ ಬುತ್ತಿ ಕಟ್ಟುವಾಗೆಲ್ಲ ಬಯ್ಯುತ್ತಿದ್ದಳು.

ಬಾಯಿ ಬರದವನು ಸ್ಕ್ರೂ ಹಿಡಿದ. ಗಾಡಿ ಓಡುವ ಆ ಕೊಳವೆಯೇ ಹಳಿ; ಅದರ ಒಂದು ತುದಿಯ ಕಾಲಿನಲ್ಲಿ ಮಟ್ಟ ಸರಿಮಾಡುವ ಸ್ಕ್ರೂ ಇತ್ತು. ಒಂದು ಸಲ ಅದು ತಾನಾಗಿ ಸಡಿಲವಾಗಿ, ಹಳಿ ವಾಲಿ ಗಾಡಿ ಜಾರತೊಡಗಿದಾಗ ಟೀಚರ್ ಇವನನ್ನು ಕರೆದಳು. ಇಬ್ಬರೂ ಗಾಡಿಯ ಮೇಲೆ ತಲೆ ಬಾಗಿಸಿದರು. ಅವಳು ಉಸಿರು ಬಿಗಿಹಿಡಿದು ನೋಡಿ, ಕಣ್ಣಷ್ಟೇ ಮೇಲೆತ್ತಿ, ಮೆಲ್ಲಗೆ "ಹಾಂ, ನಿಂತಿತು" ಎಂದಳು. ಮುಂದಿನ ಸೋಮವಾರ ಬೆಳಿಗ್ಗೆ ಇವನೇ ಹೋಗಿ ಸ್ಕ್ರೂಗೆ ಕಾಲು ಸುತ್ತು ಕೊಟ್ಟುಬಂದ. ಅದರ ಮುಂದಿನ ಸೋಮವಾರವೂ. ಮೊದಲ ಪಿರಿಯಡ್‌ಗೆ ಮುಂಚೆ ವರ್ಕ್‌ಶಾಪಿನ ಬಾಗಿಲಲ್ಲಿ ಅವಳ ನಗು ಕಾಣುತ್ತಿತ್ತು: "ಮೇಸ್ತ್ರಿ, ನಿಮ್ಮ ಗಾಡಿಗೆ ಮತ್ತೆ ಓಡಿಹೋಗೋ ಚಾಳಿ ಬಂದಿದೆ." ಹತ್ತು ನಿಮಿಷ ಅವಳ ಪಕ್ಕ. ವಾರವಿಡೀ ಅದರಲ್ಲೇ ಬದುಕು. ಯಾಕೆ ಹೀಗೆ ಕೆಡುತ್ತದೆ ಎಂದು ಅವಳು ಕೇಳಿದಾಗ, "ನಿಮ್ಮ ಕೈ ಸ್ವಲ್ಪ ಭಾರ ಟೀಚರ್, ಗಾಡಿ ಇಡುವಾಗ ಒತ್ತಿಬಿಡ್ತೀರಿ" ಎಂದು ತಮಾಷೆ ಬೇರೆ ಮಾಡಿದ್ದ.

ಹೋದ ಸೋಮವಾರವೂ ಸ್ಕ್ರೂ ತಿರುಗಿಸಿಟ್ಟು ಇವನು ರಬ್ಬರ್ ಪೈಪು ತರಲು ಪೇಟೆಗೆ ಹೋಗಿದ್ದಾಗ ಹೇಳದೆ ಕೇಳದೆ ಇನ್‌ಸ್ಪೆಕ್ಟರುಗಳು ಬಂದರು. ನಿಂತದ್ದು ತಾನಾಗಿ ಚಲಿಸುವುದಿಲ್ಲ ಎಂದು ಟೀಚರ್ ಹೇಳಿ ಕೈ ತೆಗೆದಳು. ಗಾಡಿ ತಾನಾಗಿ ಹೊರಟು ತುದಿಗೆ ಟಕ್ಕೆಂದು ಬಡಿಯಿತು. ಮೂರು ಸಲ ಇಟ್ಟಳು, ಮೂರು ಸಲವೂ ಓಡಿತು. ಇನ್‌ಸ್ಪೆಕ್ಟರುಗಳು ನಕ್ಕರು, ಹಿಂದೆಯೇ ಮಕ್ಕಳೂ.

ನಾಲ್ಕು ದಿನದಿಂದ ಆ ಸತ್ಯ ಇವನ ಬಾಯಲ್ಲಿ ಬಿಸಿತುಪ್ಪವಾಗಿತ್ತು. ಹೇಳಿದರೆ ಅವಳು ಜನ್ಮದಲ್ಲಿ ಮುಖ ನೋಡುವುದಿಲ್ಲ. ಹೇಳದಿದ್ದರೆ ತನ್ನ ಕೈಯನ್ನೇ ಶಪಿಸುತ್ತ ಬಸ್ ಹತ್ತುತ್ತಾಳೆ. ಎರಡರಲ್ಲೂ ಅವಳಿಲ್ಲ. ಚೀಟಿಯನ್ನು ಗುಮಾಸ್ತನ ಮೇಜಿನ ಮೇಲೆಯೇ ಬಿಟ್ಟು ಲ್ಯಾಬಿಗೆ ಓಡಿದ.

ಅವಳು ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದಳು. ಇವನು ಮೋಟಾರ್ ಹಾಕಿ, ಗಾಡಿಯನ್ನು ಹಳಿಯ ನಡುವೆ ಇಟ್ಟ. ಅದು ಜಾರಿಹೋಯಿತು.

"ಬೇಡ ಮೇಸ್ತ್ರಿ. ಅದನ್ನ ನೋಡೋ ಶಕ್ತಿ ನಂಗಿಲ್ಲ."

ಇವನು ಮಂಡಿಯೂರಿ ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಗಾಡಿಯನ್ನು ಮತ್ತೆ ಇಟ್ಟ. ಅದು ಕದಲಲಿಲ್ಲ.

"ನಾನೇ ತಿರುಗಿಸ್ತಿದ್ದೆ, ಟೀಚರ್. ಪ್ರತಿ ಸೋಮವಾರ. ನಿಮ್ಮ ಕೈ ಭಾರ ಅಂದಿದ್ದೂ ಸುಳ್ಳು."

"ಯಾಕೆ?"

"ನೀವು ಕರೀಲಿ ಅಂತ." ಮಂಡಿಯಿಂದ ಮೇಲೆದ್ದ. "ನಿಮ್ಮನ್ನ ಬಿಟ್ಟು ಹೇಗಿರೋದು ಅಂತ ನಂಗೆ ಗೊತ್ತಾಗ್ತಿರ್ಲಿಲ್ಲ. ಅದನ್ನ ಹೇಗೆ ಹೇಳೋದು ಅಂತಾನೂ ಗೊತ್ತಾಗ್ಲಿಲ್ಲ."

ಅವಳು ಗಾಡಿಯನ್ನೇ ನೋಡುತ್ತ ನಿಂತಳು.

"ನಾಲ್ಕು ದಿನ ನನ್ನ ಕೈ ನೋಡ್ಕೊಂಡು ಅತ್ತಿದ್ದೀನಿ" ಎಂದಳು. "ನಂಗೆ ಹೇಳಿದ್ರೆ ಸಾಲದು. ನಕ್ಕಿದ್ದು ಮಕ್ಕಳು. ಅಲ್ಲಿ ಹೋಗಿ ಹೇಳಿ."

ಹೋದ. ನಲವತ್ತು ಮಕ್ಕಳ ಮುಂದೆ ನಿಂತು, ತಪ್ಪು ತನ್ನದು, ಟೀಚರ್ ಹೇಳಿದ ನಿಯಮವೂ ಸರಿ, ಅವರ ಕೈಯೂ ಸರಿ ಎಂದ. ಯಾಕೆ ಹಾಗೆ ಮಾಡಿದಿರಿ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಇವನ ಕಿವಿ ಕೆಂಪಾಯಿತು. ಉತ್ತರ ಬೇಕಾಗಲಿಲ್ಲ, ಇಡೀ ಕ್ಲಾಸಿಗೆ ಗೊತ್ತಾಗಿಹೋಯಿತು. ಈ ಸಲ ಯಾರೂ ನಗಲಿಲ್ಲ.

ಅಲ್ಲಿಂದ ಪ್ರಿನ್ಸಿಪಾಲರ ಕೋಣೆ. ಅವರು ಪೂರ್ತಿ ಕೇಳಿ, ಅವಳ ರಾಜೀನಾಮೆಯನ್ನು ಹರಿದರು. ಇವನ ಮುಂದೆ ಕೈ ಚಾಚಿ ವರ್ಕ್‌ಶಾಪಿನ ಬೀಗದ ಕೈ ಕೇಳಿದರು. ನಾಳೆಯಿಂದ ಬರಬೇಕಿಲ್ಲ ಎಂದರು. ಅವಳು ಉಳಿದಳು, ಇವನು ಹೊರಗೆ. ಕೈಯಾರೆ ಕಳೆದುಕೊಂಡವನು ಯಾರ ಮೇಲೆ ಸಿಟ್ಟಾಗಬೇಕು?

ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬುವ ಮೊದಲು ಕೊನೆಯ ಸಲ ಲ್ಯಾಬಿಗೆ ಹೋದ. ಸ್ಕ್ರೂಗೆ ಇನ್ನೊಂದು ನಟ್ ಹಾಕಿ, ಕೈ ಕೆಂಪಾಗುವಷ್ಟು ಬಿಗಿದ. ಅವಳು ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದಳು.

"ಇನ್ನು ಇದು ಅಲ್ಲಾಡಲ್ಲ" ಎಂದ.

"ಹಾಗಾದ್ರೆ ನಿಮ್ಮನ್ನ ಕರೆಯೋಕೆ ನೆಪಾನೇ ಇಲ್ಲ."

"ಇಲ್ಲ."

ಚೀಲ ಹೆಗಲಿಗೇರಿಸಿ ಬಾಗಿಲು ದಾಟಿದ. ಹೊರಗೆ ಮೂರು ಗಂಟೆಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಕಾರಿಡಾರಿನ ಅರ್ಧ ದಾರಿಯಲ್ಲಿದ್ದಾಗ ಹಿಂದಿನಿಂದ ಅವಳ ಚಪ್ಪಲಿಯ ಸದ್ದು ಕೇಳಿ ನಿಂತ.

ಅವಳ ಕಣ್ಣು ಇನ್ನೂ ಕೆಂಪಗಿತ್ತು. "ಕೋಪ ಹೋಗಿಲ್ಲ. ಬೇಗ ಹೋಗೋದೂ ಇಲ್ಲ" ಎಂದಳು. ಇವನು ತಲೆಯಾಡಿಸಿದ.

"ಸೋಮವಾರ ನಾಲ್ಕೂವರೆಗೆ ಗೇಟ್ ಹತ್ರ ಬನ್ನಿ. ಏನೂ ಕೆಟ್ಟಿರಲ್ಲ." ಅವಳು ಲ್ಯಾಬಿನ ಕಡೆ ತಿರುಗುತ್ತ ಹೇಳಿದಳು. "ಸುಮ್ನೆ ಬನ್ನಿ."