ತಾರೀಕಿಲ್ಲದ ನೀರು

ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ, ಅದರ ಜೊತೆ ಅಂಟಿನ ಘಾಟು. ಬೃಂದಾಳ ಬಾಲ್ಯವೆಂದರೆ ಅದೇ. ಜೋಗುಪಾಳ್ಯದಲ್ಲಿ ಅಪ್ಪನ ಸೀಟು ಹೊಲಿಯುವ ಅಂಗಡಿಯಲ್ಲೇ ಕೂತು ಅವಳು ಮಗ್ಗಿ ಕಲಿತಿದ್ದಳು. ಭಾನುವಾರ ಬೆಳಗಿನ ಐದೂವರೆಗೆ ಹಗ್ಗ ತೆಗೆದುಕೊಳ್ಳಲೆಂದು ಶಟರ್ ಎತ್ತಿದಾಗ ಆ ವಾಸನೆ ಮುಖಕ್ಕೆ ಬಡಿಯಿತು. ಅಪ್ಪ ಇರಲಿಲ್ಲ.

ಅಪ್ಪ ವೆಂಕಟಸ್ವಾಮಿ ಹೊರಟದ್ದು ಶುಕ್ರವಾರ. ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಎರಡು ವರ್ಷ ತಿದ್ದಿ, ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿ, ಮನೆಮಂದಿಯೆಲ್ಲ ಊರೂರು ಸುತ್ತುವ ಗಾಡಿ ಮಾಡಿದ್ದರು. ಮೊದಲು ತಾನೊಬ್ಬನೇ ಒಂದು ರಾತ್ರಿ ಉಳಿದು ನೋಡುತ್ತೇನೆ ಎಂದು ಕೋಲಾರದಾಚೆಯ ಗಿಡುಗನ ಬೆಟ್ಟಕ್ಕೆ ಹೋಗಿದ್ದರು. ಶನಿವಾರ ಮಧ್ಯಾಹ್ನ ಬರಬೇಕಿತ್ತು. ಬರಲಿಲ್ಲ, ಫೋನೂ ಹತ್ತಲಿಲ್ಲ. ಠಾಣೆಯಲ್ಲಿ ದೂರು ಬರೆದುಕೊಂಡು, ಆ ಕಡೆಯವರಿಗೆ ತಿಳಿಸುತ್ತೇವೆ ಎಂದಿದ್ದರು. ಗಾಡಿ ಎಲ್ಲಿದೆ ಎಂದು ತೋರಿಸುವ ಆಪ್‌ನಲ್ಲಿ ನೀಲಿ ಚುಕ್ಕೆಯೊಂದು ಶುಕ್ರವಾರ ಸಂಜೆಯಿಂದ ಅಲುಗಾಡದೆ ಕೂತಿತ್ತು.

"ಚುಕ್ಕೆ ಇರೋ ಕಡೆ ಹೋಗೋದು, ಅಣ್ಣನ್ನ ಕರ್ಕೊಂಡು ಬರೋದು. ಅಷ್ಟೇ ಕೆಲಸ," ಎಂದರು ವಾಜಿದ್. ಶಿವಾಜಿನಗರದಲ್ಲಿ ಅವರ ಗ್ಯಾರೇಜು. ಆ ಗಾಡಿಯ ಎಂಜಿನ್ ಬಿಚ್ಚಿ ಕಟ್ಟಿದವರು ಅವರೇ.

ಅವರ ಜೀಪಿನ ಮುಂದಿನ ಸೀಟಿನಲ್ಲಿ ಅಮ್ಮ ಲಕ್ಷ್ಮಿದೇವಿ ಆಗಲೇ ಕೂತಿದ್ದರು.

"ಅಮ್ಮ, ನೀನು ಬೇಡ. ಮಂಡಿ ನೋವು."

"ಮಂಡಿ ನಂದು. ನೀನು ಹಿಂದೆ ಹತ್ತು."

ಕೆ.ಆರ್. ಪುರದ ತೂಗುಸೇತುವೆ ದಾಟಿದ ಮೇಲೆ ಅಮ್ಮ ಬಾಯಿಬಿಟ್ಟರು. "ನಿಮ್ಮಪ್ಪಂಗೆ ಅದೇನೇನೋ ಹಾಕ್ಕೊಟ್ಟಿದ್ದೆಯಲ್ಲ ಆ ಹಳೇ ಫೋನಲ್ಲಿ?"

"ನೆಟ್ ಇಲ್ದಿದ್ರೂ ತೋರ್ಸೋ ಮ್ಯಾಪು. ಗಾಡಿ ನಿಲ್ಸೋ ಜಾಗ, ನೀರಿರೋ ಜಾಗ ಹೇಳೋದು. ನೆಲ ಸಮ ಇದ್ಯಾ ಅಂತ ನೋಡೋದು..."

"ಅಷ್ಟೆಲ್ಲ ಇದ್ದೂ ಮನುಷ್ಯ ಎಲ್ಲಿ ಅಂತ ಗೊತ್ತಾಗ್ಲಿಲ್ಲ."

"ಬಿಡಿ ಲಕ್ಷ್ಮಕ್ಕ," ಎಂದರು ವಾಜಿದ್. "ಚುಕ್ಕೆನಾದ್ರೂ ಇದೆಯಲ್ಲ."

ಬೃಂದಾ ಕಿಟಕಿಯಾಚೆ ನೋಡಿದಳು. ಆ ಆಪ್‌ಗಳಲ್ಲಿ ಹೋಗಿಬಂದವರು ಬರೆದದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಅಪ್ಪನಿಗೆ ಕನ್ನಡ ಮಾತ್ರ ಓದಲು ಬರುತ್ತಿತ್ತು. ಅದಕ್ಕೇ ಅವಳು ಬೇಕಾದದ್ದನ್ನೆಲ್ಲ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡಕ್ಕಿಳಿಸಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದಳು.

ಕೋಲಾರ ಹಿಂದಾದ ಮೇಲೆ ನೆಲದ ಬಣ್ಣವೇ ಬೇರೆಯಾಯಿತು. ಮಣ್ಣಿಗಿಂತ ಕಲ್ಲೇ ಹೆಚ್ಚು. ಏಪ್ರಿಲ್ ಬಿಸಿಲಿಗೆ ಜಾಲಿಗಿಡಗಳು ಕೂಡ ಬೂದಿ ಬಣ್ಣಕ್ಕೆ ತಿರುಗಿದ್ದವು. ಒಂದರ ಮೇಲೊಂದು ಯಾರೋ ಎತ್ತಿಟ್ಟಂತೆ ನಿಂತ ಬಂಡೆಗಳ ನಡುವೆ ಜೀಪಿನ ದಾರಿ ಸವೆದು ಬರೀ ಗಾಲಿಯ ಗುರುತಾಯಿತು. ಕೊನೆಯ ಹಟ್ಟಿಯಲ್ಲಿ ಒಬ್ಬ ಅಜ್ಜಿ, ಕೇಳದೆಯೇ, ಟವೆಲ್ಲೊಂದನ್ನು ನೆನೆಸಿ ಅಮ್ಮನ ತಲೆಗೆ ಸುತ್ತಿದರು. "ಮೊನ್ನೆ ಒಂದು ಬಿಳೀ ಗಾಡಿ ಮೇಲೆ ಹೋಯ್ತು. ಇಳಿದಿದ್ದು ನೋಡ್ಲಿಲ್ಲ ತಾಯಿ," ಎಂದರು.

ಚುಕ್ಕೆ ಸುಳ್ಳು ಹೇಳಿರಲಿಲ್ಲ. ಬೆಟ್ಟದ ನೆತ್ತಿಯ ಸಮತಟ್ಟಿನಲ್ಲಿ ಗಾಡಿ ನಿಂತಿತ್ತು. ವಾಜಿದ್ ತಮ್ಮ ಬಳಿಯಿದ್ದ ಇನ್ನೊಂದು ಬೀಗದಕೈಯಿಂದ ಬಾಗಿಲು ತೆಗೆದರು.

ಒಳಗೆ ಯಾರೂ ಇರಲಿಲ್ಲ. ಹಾಸಿಗೆ ನೀಟಾಗಿ ಮಡಚಿತ್ತು. ಆಪ್‌ಗಳಿದ್ದ ಹಳೇ ಫೋನು ಡ್ಯಾಶ್‌ಬೋರ್ಡಿನಲ್ಲೇ ಸಿಕ್ಕಿಸಿಕೊಂಡಿತ್ತು. ಎರಡು ದಿನದಿಂದ ಇವರು ನೋಡುತ್ತಿದ್ದದ್ದು ಗಾಡಿಯನ್ನು, ಮನುಷ್ಯನನ್ನಲ್ಲ. ವಾಜಿದ್ ನಲ್ಲಿ ತಿರುಗಿಸಿದರು. ಒಂದು ಹನಿಯೂ ಬರಲಿಲ್ಲ.

"ಟ್ಯಾಂಕಿನ ಬೆಸುಗೆ ಬಿಟ್ಟಿದೆ. ನೀರೆಲ್ಲ ಸೋರ್ಹೋಗಿದೆ. ಕ್ಯಾನೂ ಇಲ್ಲ. ಅಣ್ಣ ನೀರಿಗೆ ಹೋಗಿದಾರೆ. ಎಲ್ಲಿಗೆ?"

ಬೃಂದಾ ರಟ್ಟಿನ ಮೇಲಿನ ತನ್ನದೇ ಅಕ್ಷರ ಓದಿದಳು. 'ನೀರು: ಪೂರ್ವಕ್ಕೆ, ಬಂಡೆಯ ಕೆಳಗೆ ಕಲ್ಲುಬಾವಿ. ವರ್ಷವಿಡೀ ಸಿಹಿನೀರು.'

ಅವಳು ತನ್ನ ಫೋನಿನಲ್ಲಿ ಅದೇ ಆಪ್ ತೆರೆದಳು. ಆ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ತಿಂಗಳು, ವರ್ಷ ಇತ್ತು. ಯಾರೋ ಅದನ್ನು ಬರೆದು ಏಳು ವರ್ಷವಾಗಿತ್ತು. ರಟ್ಟಿಗೆ ಇಳಿಸುವಾಗ ತಾರೀಕುಗಳನ್ನೆಲ್ಲ ಅವಳು ಬಿಟ್ಟಿದ್ದಳು. ಸುಮ್ಮನೆ ಅಂಕಿ ಯಾಕೆ, ಅಪ್ಪನಿಗೆ ಗಲಿಬಿಲಿ ಎಂದುಕೊಂಡಿದ್ದಳು.

"ಕೆಳಗೆ," ಎಂದಳು. ರಟ್ಟಿನ ಆ ಸಾಲಿನ ಮೇಲೆ ಬೆರಳಿಟ್ಟಳು.

ವಾಜಿದ್ ಹಗ್ಗ, ನೀರು, ಕಲ್ಲು ಎತ್ತಬೇಕಾದರೆ ಇರಲೆಂದು ಜಾಕ್ ಹೆಗಲಿಗೇರಿಸಿದರು. "ಲಕ್ಷ್ಮಕ್ಕ, ನೀವು ಇಲ್ಲೇ ಇರಿ. ಹಾರನ್ ಹೊಡೀತಿರಿ. ನಮಗೆ ದಿಕ್ಕು ತಿಳಿಯುತ್ತೆ, ಹಟ್ಟಿಯವರಿಗೂ ಕೇಳುತ್ತೆ. ನೂರೆಂಟಕ್ಕೆ ಟ್ರೈ ಮಾಡಿ."

ಬಂಡೆ ಕಾದ ಕಾವಲಿಯಂತಿತ್ತು. ಬೃಂದಾ ಕೂತೇ ಜಾರಿದಳು. ಅಂಗೈ ಸುಟ್ಟಿತು.

ಒಂದು ಕಡೆ ಕಾಲಿಗೆ ಏನೂ ಸಿಗಲಿಲ್ಲ.

"ಬಲಕ್ಕೆ! ಬಲಕ್ಕೆ ಮಗಳೇ, ಅಲ್ಲಿ ಸೀಳು ಇದೆ, ಹಿಡ್ಕೊ!" ಎಂದು ಮೇಲಿಂದ ವಾಜಿದ್ ಕೂಗಿದರು.

ಬೆರಳು ಸೀಳಿಗೆ ಸಿಕ್ಕಿತು. ಅವಳು ನೇತಾಡಿದಳು. ವಾಜಿದ್ ಹಗ್ಗ ಬಿಗಿಹಿಡಿದರು. ಮೇಲೆ ಹಾರನ್ ಕೂಗಿತು, ನಿಂತಿತು, ಮತ್ತೆ ಕೂಗಿತು.

ಕಲ್ಲುಬಾವಿ ಸಿಕ್ಕಿತು. ಅದರ ತಳದಲ್ಲಿ ಒಣಗಿ ಬಿರುಕುಬಿಟ್ಟ ಕೆಸರು, ಆಡಿನ ಮೂಳೆ, ಒಂದು ಖಾಲಿ ಕ್ಯಾನು. ಕುಸಿದ ಮೆಟ್ಟಿಲ ಬಳಿ ಚಪ್ಪಡಿಯೊಂದರ ಕೆಳಗೆ ಎಡಗಾಲು ಸಿಕ್ಕಿಸಿಕೊಂಡು ಅಪ್ಪ ಮಲಗಿದ್ದರು.

"ಅಪ್ಪಾ!"

ತುಟಿ ಅಲುಗಿತು. ವಾಜಿದ್ ಧುಮುಕಿ ಕತ್ತಿಗೆ ಬೆರಳಿಟ್ಟರು. "ಇದೆ. ನಾಡಿ ಇದೆ. ನೀರು ಗುಟುಕು ಗುಟುಕಾಗಿ ಕೊಡು, ಒಟ್ಟಿಗೆ ಬೇಡ."

ಜಾಕ್ ಒಂದೊಂದೇ ಹಲ್ಲು ಏರಿತು. ಚಪ್ಪಡಿ ಒಂದು ಸಲ ಜಾರಿತು. ಅಪ್ಪ ಕೂಗಲೂ ಇಲ್ಲ. ಎರಡನೆಯ ಸಲ ಅದು ಮೇಲೆದ್ದಿತು. ಕಾಲು ಹೊರಬಂತು. ಬೃಂದಾ ಅದನ್ನು ಒಮ್ಮೆ ನೋಡಿದಳು. ಮತ್ತೆ ನೋಡಲಿಲ್ಲ.

ಹಾರನ್ ಕೇಳಿ ಹಟ್ಟಿಯಿಂದ ಐವರು ಕಂಬಳಿ, ಬಿದಿರುಗಳನ್ನು ಹೊತ್ತು ಸುತ್ತುದಾರಿಯಲ್ಲಿ ಬಂದು ಡೋಲಿ ಕಟ್ಟಿದರು. ಮೇಲೇರಲು ಮೂರು ತಾಸು ಹಿಡಿಯಿತು. ಎರಡು ಸಲ ಹೊತ್ತವರ ಕಾಲು ಜಾರಿತು. ಮಾನಪ್ಪ ಎಂಬ ಕುರುಬರು ತಮ್ಮ ಟವೆಲ್ ಬಿಚ್ಚಿ, ಅಪ್ಪನ ಮುಖಕ್ಕೆ ಬಿಸಿಲು ಬೀಳದಂತೆ ದಾರಿಯುದ್ದಕ್ಕೂ ಕೈಚಾಚಿ ಹಿಡಿದಿದ್ದರು. ತೋಳು ಸೋತಾಗ ಕೈ ಬದಲಿಸಿದರು, ಇಳಿಸಲಿಲ್ಲ.

ನೆತ್ತಿಯಲ್ಲಿ ಅಮ್ಮ ಗಂಡನ ಹಣೆ ಮುಟ್ಟಿದರು. "ಬಂದ್ರಾ?" ಎಂದಷ್ಟೇ ಕೇಳಿದರು.

ಆಂಬುಲೆನ್ಸ್ ಬೆಟ್ಟದ ಬುಡದ ಕೆರೆ ಏರಿಯವರೆಗೆ ಬಂದಿತ್ತು; ಅಲ್ಲಿಯವರೆಗೆ ಜೀಪಿನಲ್ಲಿ ಇಳಿಸಿದರು. ಸಂಜೆಗೆ ಕೆ.ಆರ್. ಪುರದ ಆಸ್ಪತ್ರೆ ಸೇರಿದರು.

"ಜೀವಕ್ಕೆ ಭಯವಿಲ್ಲ," ಎಂದರು ಡಾಕ್ಟರು. "ಎಡಗಾಲು ಉಳಿಯಲ್ಲ. ಮಂಡಿ ಕೆಳಗೆ ತೆಗೀಬೇಕು."

ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಕಾಲು. ಅಮ್ಮ ಕನ್ನಡಕ ಹಾಕಿಕೊಂಡು, ಕಾಗದ ಪೂರ್ತಿ ಓದಿ ಸಹಿ ಮಾಡಿದರು.

ಸೋಮವಾರ ಮಧ್ಯಾಹ್ನ ಆಪರೇಷನ್ ಮುಗಿಯಿತು. ಅಪ್ಪ ಕಣ್ಣು ಬಿಟ್ಟರು, ನೀರು ಕೇಳಿದರು, ಮತ್ತೆ ನಿದ್ದೆಹೋದರು. ಹೊರಗಿನ ಬೆಂಚಿನಲ್ಲಿ ವಾಜಿದ್ ಗೋಡೆಗೊರಗಿ ಕೂತಲ್ಲೇ ಮಲಗಿದ್ದರು. ಅವರ ಹೆಂಡತಿ ಶರ್ಫುನ್ನೀಸಾ ಊಟದ ಕ್ಯಾರಿಯರ್ ತಂದು ಅಮ್ಮನ ಪಕ್ಕದಲ್ಲಿಟ್ಟು, ಗಂಡನನ್ನು ಎಬ್ಬಿಸದೆ ಅವರ ತಲೆಗೆ ತಮ್ಮ ಭುಜ ಕೊಟ್ಟು ಕೂತರು.

"ಅಮ್ಮ," ಎಂದಳು ಬೃಂದಾ. "ಆ ಬಾವಿ ವಿಷಯ ಬರೆದು ಏಳು ವರ್ಷ ಆಗಿತ್ತು. ರಟ್ಟಲ್ಲಿ ತಾರೀಕು ನಾನು ಹಾಕ್ಲಿಲ್ಲ. ಹಾಕಿದ್ರೆ ಅಪ್ಪ ಇಳೀತಿರ್ಲಿಲ್ಲ."

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಎದುರಿನ ಬಾಗಿಲ ಕಡೆ ನೋಡಿದರು. ಒಬ್ಬಳು ನರ್ಸ್ ಹೋದಳು, ಬಂದಳು.

ಆಮೇಲೆ ಕ್ಯಾರಿಯರ್ ಮಡಿಲಿಗೆಳೆದುಕೊಂಡು ಕೊಂಡಿ ಬಿಚ್ಚಿದರು. ಅನ್ನದ ಮೇಲೆ ಬೇಳೆ ಸುರಿದು ಚಮಚದಿಂದ ಕಲಸಿದರು. ಬಿಸಿಯಿದ್ದ ಡಬ್ಬಿಯ ಅಡಿಗೆ ಸೆರಗು ಹಿಡಿದು, ಮಗಳ ಸುಟ್ಟ ಅಂಗೈಗೆ ತಾಗದ ಹಾಗೆ ಅವಳ ತೊಡೆಯ ಮೇಲಿಟ್ಟರು.